ತಂಬೂರಿಯವಳ ಕೆಮ್ಮು

ಮಲ್ಲಣ್ಣನವರ ಮನೆಗೆ ಆ ಎರಡು ಸ್ಪೀಕರ್ ಬಂದ ದಿನ ಓಣಿಯವರೆಲ್ಲ ಹೊಸ ಬಾಗಿಲು ಬಂದಿವೆ ಎಂದುಕೊಂಡರು. ಅವರದೇನೂ ತಪ್ಪಿಲ್ಲ. ಆಳೆತ್ತರದ, ನಾಲ್ಕು ಬೆರಳು ದಪ್ಪದ ಕರಿಯ ಹಲಗೆಗಳು, ಮೈತುಂಬ ಜರಡಿಯಂತೆ ತೂತು. ಟೆಂಪೋದಿಂದ ಇಳಿಸಿದ ಹಮಾಲ ಕೂಡ, "ಇದಕ್ಕ ಕೀಲಿ ಎಲ್ಲಿ ಹಾಕೂದ್ರಿ?" ಎಂದು ಕೇಳಿದ.

"ಏ, ಹಗೂರ ಹಿಡಿ!" ಎಂದು ಮಲ್ಲಣ್ಣ ಹರಿಹಾಯ್ದರು. "ಒಳಗ ಒಂದು ಹಾಳಿ ಅದ. ನೀ ಜೋರ್ ಉಸರ್ ಬಿಟ್ರ ಹರೀತದ."

ಮಲ್ಲಣ್ಣ ವಿದ್ಯುತ್ ಇಲಾಖೆಯಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಮನೆ ಕಲಬುರಗಿಯ ಜಗತ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ. ಹೆಂಡತಿ ಶಿವಕಾಂತಮ್ಮ, ವಿಮಾ ಕಚೇರಿಗೆ ಹೋಗುವ ಮಗ ಅರುಣಕುಮಾರ, ಶಾಲೆಯಲ್ಲಿ ಕಲಿಸುವ ಸೊಸೆ ವಿದ್ಯಾವತಿ, ಮನೆಯಲ್ಲಿ ಇಷ್ಟೇ ಜನ. ಹಿಂದೂಸ್ತಾನಿ ಗಾಯನದ ಹುಚ್ಚು ಅವರಿಗೆ ಮೊದಲಿನಿಂದ ಇತ್ತು. ಆದರೆ ನೌಕರಿಯಲ್ಲಿದ್ದಷ್ಟು ದಿನ ಎಲ್ಲೋ ತಂತಿ ಕಡಿದು, ಯಾರೋ ಫೋನು ಮಾಡಿ, ಒಂದು ಹಾಡನ್ನೂ ಪೂರ್ತಿ ಕೇಳಲು ಬಿಡುತ್ತಿರಲಿಲ್ಲ. ನಿವೃತ್ತರಾದ ಮೇಲೆ ಹೈದರಾಬಾದಿಗೆ ಮದುವೆಗೆ ಹೋದಾಗ ಬೀಗರ ಪರಿಚಯದ ಒಬ್ಬ ಮುದಿ ಡಾಕ್ಟರರ ಮನೆಯಲ್ಲಿ ಈ ಸ್ಪೀಕರುಗಳನ್ನು ಕೇಳಿದರು.

ಡಾಕ್ಟರರು ಅವರನ್ನು ಕೋಣೆಯ ನಡುವೆ ಇದ್ದ ಒಂದೇ ಕುರ್ಚಿಯ ಮೇಲೆ ಕೂರಿಸಿ, ಯಾವುದೋ ಹಳೆಯ ಮೆಹಫಿಲಿನ ಧ್ವನಿಮುದ್ರಣ ಹಾಕಿದರು. ಒಬ್ಬ ಹೆಂಗಸು ಭೀಮಪಲಾಸಿ ಹಾಡುತ್ತಿದ್ದಳು. ಹಾಡಿನ ನಡುವೆ ಹಿಂದೆ ಕುಳಿತ ತಂಬೂರಿಯವಳು ಕೆಮ್ಮುತ್ತಾಳೆ, ಆ ಕೆಮ್ಮು ಕೇಳಿಸಿದರೆ ಆಂಪ್ಲಿಫೈಯರ್ ಇವಕ್ಕೆ ಒಗ್ಗಿದೆ ಎಂದು ತಿಳಿಯಬೇಕು ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಕೆಮ್ಮು ಕೇಳಿಸಿತು. ಅವಳು ಅದನ್ನು ಸೆರಗಿನಲ್ಲಿ ಅದುಮಿಕೊಂಡದ್ದು ಸಹ ಕೇಳಿಸಿತು. ಮಲ್ಲಣ್ಣನವರ ಕಣ್ಣು ಒದ್ದೆಯಾಯಿತು. ಡಾಕ್ಟರರು ಮನೆ ಖಾಲಿ ಮಾಡಿ ಮಗಳ ಊರಿಗೆ ಹೋಗುವವರಿದ್ದರು, ಸ್ಪೀಕರುಗಳನ್ನೂ ಆ ಧ್ವನಿಮುದ್ರಣವನ್ನೂ ಕೊಟ್ಟುಬಿಟ್ಟರು. ಆಂಪ್ಲಿಫೈಯರನ್ನು ಮಾತ್ರ ಅಳಿಯ ಅದಾಗಲೇ ಹೊತ್ತೊಯ್ದಿದ್ದ. ಅದಕ್ಕೇನು, ಮನೆಯಲ್ಲಿ ಒಂದಿದೆಯಲ್ಲ ಎಂದು ಮಲ್ಲಣ್ಣ ಸಮಾಧಾನ ಮಾಡಿಕೊಂಡು ಬಂದರು.

ಆ ಮನೆಯಲ್ಲಿ ಎಲ್ಲರೂ ಪಡಸಾಲೆಯಲ್ಲೇ ಕೂತು ಉಣ್ಣುವುದು ರೂಢಿ. ಸ್ಪೀಕರುಗಳು ಬಂದ ದಿನವೇ ಆ ರೂಢಿ ಮುರಿಯಿತು.

"ಗ್ವಾಡಿಗಿ ಹಚ್ಚಿ ಇಡ್ರಲ್ಲಾ, ಅಡ್ಯಾಡಾಕರ ಬರ್ತದ," ಎಂದರು ಶಿವಕಾಂತಮ್ಮ.

"ಗ್ವಾಡಿಗಿ ಹಚ್ಚಬಾರದು. ಇದರ ಹಿಂದಿಂದನೂ ಧ್ವನಿ ಬರ್ತದ."

"ಹಿಂದ ಯಾರ್ ಕುಂದರ್ತಾರ?"

"ಯಾರೂ ಕುಂದ್ರಂಗಿಲ್ಲ."

"ಮತ್ತ ಹಿಂದ್ಯಾಕ ಬರ್ತದರಿ ಧ್ವನಿ?"

ವಿದ್ಯಾವತಿ ನಗು ತಡೆಯಲಾರದೆ ಅಡುಗೆಮನೆಗೆ ಹೋದಳು. ಮಲ್ಲಣ್ಣನಿಗೆ ನಗುವ ಮನಸ್ಸಿರಲಿಲ್ಲ. ಹಲಗೆಗಳು ಗೋಡೆ ಬಿಟ್ಟು ಪಡಸಾಲೆಯ ಅರ್ಧಕ್ಕೆ ಬಂದು ನಿಂತವು. ಎದುರಿಗೆ ಒಂದು ಬೆತ್ತದ ಕುರ್ಚಿ ಬಂತು, ಅದರ ಕಾಲುಗಳ ಸುತ್ತ ಸುಣ್ಣದಕಡ್ಡಿಯಿಂದ ಗುರುತು ಬಿತ್ತು. ಆ ಕುರ್ಚಿಯಿಂದ ಒಂದು ಮೊಳ ಈಚೆಗೆ ಕೂತರೂ ಹಾಡುವವಳು ಒಂದೇ ಹಲಗೆಯೊಳಗೆ ಹೋಗಿ ನಿಲ್ಲುತ್ತಾಳೆ, ನಡುವೆ ಬರುವುದಿಲ್ಲ. ಹೀಗಾಗಿ ಮನೆಯಲ್ಲಿ ನಾಲ್ಕು ಜನರಿದ್ದರೂ ಕೇಳುವ ಜಾಗ ಒಬ್ಬರಿಗೇ ಆಯಿತು. ದಿವಾನ ಅಂಗಳಕ್ಕೆ ಹೋಯಿತು. ಊಟ ಅಡುಗೆಮನೆಗೆ ಹೋಯಿತು, ಅಲ್ಲಿ ಒಟ್ಟಿಗೆ ಇಬ್ಬರಿಗಷ್ಟೇ ಜಾಗ.

ಮೇಲೆ ಕಾನೂನುಗಳು ಬೇರೆ. ಒಳಗಿನ ಹಾಳೆಗೆ ಸದಾ ಕರೆಂಟು ಇರುತ್ತದೆ, ಅದು ಧೂಳನ್ನೂ ಹೊಗೆಯನ್ನೂ ಮೈಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ದೇವರ ಮುಂದೆ ಊದಿನಕಡ್ಡಿ ಬೇಡ. ಮೆಣಸಿನಕಾಯಿ ಹುರಿಯುವಾಗ ಅಡುಗೆಮನೆಯ ಬಾಗಿಲು ಹಾಕಬೇಕು. ಕಸ ಗುಡಿಸುವಾಗ ಎರಡಕ್ಕೂ ಹಾಸಿಗೆಯ ಚಾದರು ಹೊದಿಸಬೇಕು.

"ಅವಕ್ಕ ಥಂಡಿ ಆಗ್ತದೇನಪಾ?" ಎಂದು ಶಿವಕಾಂತಮ್ಮ ಮಗನ ಹತ್ತಿರ ಮೆಲ್ಲಗೆ ಕೇಳಿದರು.

ಇಷ್ಟೆಲ್ಲ ಆದ ಮೇಲೂ ಸ್ಪೀಕರ್ ಹಾಡಲಿಲ್ಲ. ಮನೆಯ ಹಳೆಯ ಆಂಪ್ಲಿಫೈಯರು ಆಲಾಪದವರೆಗೆ ಹೇಗೋ ನಡೆಸುತ್ತಿತ್ತು. ಧ್ವನಿ ಮೇಲಿನ ಸ್ಥಾಯಿಗೆ ಏರಿದರೆ, ಇಲ್ಲವೆ ಭಜನೆಯಲ್ಲಿ ತಾಳದ ಝಣ್ ಬಂದರೆ ಟಕ್ ಎಂದು ಬಂದಾಗಿ ಕಣ್ಣು ಮುಚ್ಚಿಬಿಡುತ್ತಿತ್ತು. ಮಲ್ಲಣ್ಣ ಸ್ಪೀಕರಿನ ಹಿಂದಿನ ತಗಡು ಓದಿದರು. ಕರೆಂಟಿಗೆ ತಡೆ ಎಂಟು ಓಮ್ ಎಂದಿತ್ತು. ಆಂಪ್ಲಿಫೈಯರಿನ ಹಿಂದೆಯೂ ಅದೇ ಇತ್ತು. ಟ್ರಾನ್ಸ್‌ಫಾರ್ಮರಿನ ಮೈಮೇಲಿನ ತಗಡು ಓದಿಯೇ ನೌಕರಿ ಮುಗಿಸಿದ ಮನುಷ್ಯ, ತಗಡು ಸುಳ್ಳು ಹೇಳುತ್ತದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ತಪ್ಪು ಮನೆಯ ಕರೆಂಟಿನದೇ ಎಂದು ತೀರ್ಮಾನಿಸಿ ಸ್ಟೆಬಿಲೈಜರ್ ತಂದರು. ಆಮೇಲೆ ಅನುಮಾನ ಫ್ರಿಜ್ಜಿನ ಮೇಲೆ ಹೋಯಿತು. ಹಾಡು ಕೇಳುವ ಹೊತ್ತಿನಲ್ಲಿ ಫ್ರಿಜ್ ಬಂದ್ ಮಾಡಿ, ಚಾಲೂ ಮಾಡಲು ಮರೆತರು. ಹಾಲು ಒಡೆಯಿತು.

"ಮಾವಾರ, ಇವತ್ತ ಚಾ ಇಲ್ರಿ," ಎಂದಳು ವಿದ್ಯಾವತಿ. "ಹಾಲು ನಿಮ್ಮ ಭೀಮಪಲಾಸಿ ಕೇಳಿ ಒಡದಾವ."

ಸೊಸೆಯ ಕುಚೋದ್ಯಕ್ಕೆ ಮಲ್ಲಣ್ಣ ಸಿಟ್ಟಾಗುತ್ತಿರಲಿಲ್ಲ. ಅವರ ಸಿಟ್ಟೆಲ್ಲ ಒಂದು ಕಡೆ ಕೂಡಿಬೀಳುತ್ತಿತ್ತು, ಅದು ಯಾರ ಮೇಲೆ ಇಳಿಯುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವತ್ತು ಸಂಜೆ ಶಿವಕಾಂತಮ್ಮ ರೊಟ್ಟಿಗೆ ಕೂತಿದ್ದರು. ಜೋಳದ ಹಿಟ್ಟಿನ ಮುದ್ದೆಯನ್ನು ಅಂಗೈಯಿಂದ ತಟ್ಟುವ ಸಪ್ಪಳ ಆ ಮನೆಯಲ್ಲಿ ಗಡಿಯಾರವಿದ್ದಂತೆ. ಅದು ಶುರುವಾದರೆ ಮಗ ಸ್ನಾನಕ್ಕೆ ಏಳುತ್ತಿದ್ದ, ಸೊಸೆ ಶಾಲೆಯ ಪುಸ್ತಕ ಮುಚ್ಚುತ್ತಿದ್ದಳು. ಪಡಸಾಲೆಯಲ್ಲಿ ಆಂಪ್ಲಿಫೈಯರ್ ಮತ್ತೆ ಕಣ್ಣು ಮುಚ್ಚಿತು. ಮಲ್ಲಣ್ಣ ಕುರ್ಚಿಯಿಂದಲೇ ಕೂಗಿದರು.

"ಏ, ಆ ಬಡಿಯೂದು ಸ್ವಲ್ಪ ನಿಂದ್ರಸ್ತೀಯೇನ? ಹಾಡಿನಾಗಿನ ತಾಳ ಯಾವುದು, ನಿನ್ನ ರೊಟ್ಟಿ ಯಾವುದು ತಿಳೀವಲ್ದು!"

ಸಪ್ಪಳ ನಿಂತಿತು. ಶಿವಕಾಂತಮ್ಮನಿಗೆ ದೀಪಾವಳಿಯಿಂದ ಕೆಮ್ಮು ಇತ್ತು. ರೊಟ್ಟಿ ನಿಂತ ಮೇಲೆ ಕೆಮ್ಮು ಕೇಳಿಸತೊಡಗಿತು.

"ಬಾಗಲಾರ ಹಾಕ್ಕೋ," ಎಂದರು ಮಲ್ಲಣ್ಣ.

ಬಾಗಿಲು ಹಾಕಿಕೊಂಡಿತು. ಒಳಗೆ ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿ ಹೊಗೆ ತುಂಬಿತು. ಹಿತ್ತಲಿನಿಂದ ಬಂದ ವಿದ್ಯಾವತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಪಡಸಾಲೆಗೆ ಓಡಿಬಂದಳು. "ಮಾವಾರ, ಅತ್ತಿಯವರು ಒಳಗ ಕೆಮ್ಮಾಕತ್ತಾರ. ಕೇಳ್ಸವಲ್ದೇನ್ರಿ?"

"ಇಲ್ಲವಾ, ಈಗೇನೂ ಕೇಳ್ಸವಲ್ದು. ಬಾಗಲಾ ಹಾಕ್ಯಾಳ," ಎಂದರು ಮಲ್ಲಣ್ಣ. ಸೊಸೆಗೆ ತೊಂದರೆಯಾಗಬಾರದೆಂದು ಸಮಾಧಾನ ಹೇಳುವ ಧ್ವನಿಯಲ್ಲೇ ಹೇಳಿದರು.

ವಿದ್ಯಾವತಿ ಅವರ ಮುಖವನ್ನೇ ನೋಡಿದಳು. ಅದು ಕುಚೋದ್ಯ ಮಾಡುವಂಥ ಮಾತಲ್ಲವಾದ್ದರಿಂದ ಸುಮ್ಮನೆ ಒಳಗೆ ಹೋದಳು.

ಮರುದಿನದಿಂದ ಶಿವಕಾಂತಮ್ಮ ರೊಟ್ಟಿ ತಟ್ಟಲಿಲ್ಲ. ಚಪಾತಿ ಲಟ್ಟಿಸಿದರು, ಚಪಾತಿಗೆ ಸಪ್ಪಳವಿಲ್ಲ. ಯಾಕೆ ಎಂದು ಮಲ್ಲಣ್ಣ ಕೇಳಲಿಲ್ಲ. ಅಷ್ಟರಲ್ಲಿ ಕಮಲಾಪುರದಿಂದ ಫೋನು ಬಂತು. ಶಿವಕಾಂತಮ್ಮನ ತಂಗಿ ಸುನಂದಾ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡಿದ್ದಳು. ಅವಳು ಗಂಡನಿಲ್ಲದವಳು, ಕಮಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ ತಟ್ಟುವ ಕೈಯೇ ಮುರಿದರೆ ಖಾನಾವಳಿ ಮುಚ್ಚಿದಂತೆ.

"ನಾ ಹೋಗ್ತೀನಿ," ಎಂದರು ಶಿವಕಾಂತಮ್ಮ.

"ಹೋಗಿ ಬಾ," ಎಂದರು ಮಲ್ಲಣ್ಣ. "ಎಷ್ಟು ದಿನಾ?"

"ಕೈ ಕೂಡೂ ತನಕ."

ಬಸ್ಸಿಗೆ ಹತ್ತಿಸಲು ಅರುಣಕುಮಾರ ಹೋದ. ಮಲ್ಲಣ್ಣ ಹೋಗಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಜಹೀರುದ್ದೀನ್ ಬರುವವರಿದ್ದರು.

ಜಹೀರುದ್ದೀನರು ಮಲ್ಲಣ್ಣನವರ ಹಳೆಯ ಗೆಳೆಯರು, ಜಗತ್ ಸರ್ಕಲ್ಲಿನಲ್ಲಿ ಅವರದು ರೇಡಿಯೋ ರಿಪೇರಿಯ ಕಾಲದಿಂದ ಇರುವ ಅಂಗಡಿ. ಈಗ ಮದುವೆ ಮುಂಜಿಗಳಿಗೆ ಸೌಂಡ್ ಬಾಡಿಗೆ ಕೊಡುತ್ತಾರೆ. ಬರುವಾಗ ಆಟೋದಲ್ಲಿ ಒಂದು ದೊಡ್ಡ ಆಂಪ್ಲಿಫೈಯರನ್ನೇ ತಂದಿದ್ದರು.

"ಮಲ್ಲಣ್ಣ ಸಾಬ್, ಇದು ವಲೀಮಾ ಊಟದಾಗ ಸಾವಿರ ಮಂದಿಗಿ ಕೇಳ್ಸಿದ ಮಾಲ್. ನಿಮ್ಮ ಈ ಪಾಪಡ್ ಇದಕ್ಕೇನ್ ಹೆಚ್ಚಲ್ಲ," ಎಂದರು.

ಮಾಲು ಬಲವಾಗಿಯೇ ಇತ್ತು. ಆದರೆ ಅದರ ಬೆನ್ನಿನ ಪಂಖದ ಗಾಳಿಯ ಸಪ್ಪಳದಲ್ಲಿ ತಂಬೂರಿಯೇ ಕೇಳಿಸಲಿಲ್ಲ, ಇನ್ನು ತಂಬೂರಿಯವಳ ಕೆಮ್ಮು ಎಲ್ಲಿಂದ ಬರಬೇಕು. ಧ್ವನಿ ಏರಿಸಿದಾಗ ಎಡಗಡೆಯ ಹಲಗೆಯೊಳಗೆ ಚಟಚಟ ಎಂದು ಕಿಡಿ ಹಾರಿ, ಆಂಪ್ಲಿಫೈಯರಿನ ಫ್ಯೂಸು ಹೋಯಿತು. ಇಬ್ಬರೂ ಕತ್ತು ಬಗ್ಗಿಸಿ ಬಹಳ ಹೊತ್ತು ಆ ಹಲಗೆಯನ್ನು ನೋಡಿದರು. ಹಾಳೆ ಸುಡಲಿಲ್ಲ ಎಂದು ಖಾತ್ರಿಯಾದ ಮೇಲೆ ಜಹೀರುದ್ದೀನರು ಹಣೆ ಒರೆಸಿಕೊಂಡರು.

"ಮಾಫ್ ಮಾಡ್ರಿ ಸಾಬ್. ನನಗೂ ತಿಳೀವಲ್ದು. ಭಾಭಿ ಎಲ್ಲದಾರ? ಒಂದು ಕಪ್ ಚಾ ಸಿಗ್ತದೇನು?"

"ಊರಿಗಿ ಹೋಗ್ಯಾಳ," ಎಂದರು ಮಲ್ಲಣ್ಣ. ಚಹಾ ಮಾಡಲು ಅವರೇ ಎದ್ದರು. ಸಕ್ಕರೆ ಡಬ್ಬಿ ಸಿಗಲಿಲ್ಲ. ಜಹೀರುದ್ದೀನರು ಸಕ್ಕರೆಯಿಲ್ಲದ ಚಹಾ ಕುಡಿದು, ಚಲೋ ಅದ ಎಂದು ಹೇಳಿ ಹೋದರು.

ಮನೆಗೆ ರೊಟ್ಟಿ ಈಗ ರೊಟ್ಟಿ ಕೇಂದ್ರದಿಂದ ಬರುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ, ಒಂದೇ ಅಳತೆಯ ಕಡಕ್ ರೊಟ್ಟಿ. ವಿದ್ಯಾವತಿ ಬೆಳಿಗ್ಗೆ ಎದ್ದು ಪಲ್ಯ ಮಾಡಿ, ಡಬ್ಬಿ ಕಟ್ಟಿ, ಶಾಲೆಗೆ ಓಡುತ್ತಿದ್ದಳು. ಸಂಜೆ ಬಂದರೆ ಸಿಂಕಿನಲ್ಲಿ ಬೆಳಗಿನ ಪಾತ್ರೆ. ಒಂದು ದಿನ ಅವಳು ಅರುಣಕುಮಾರನಿಗೆ ಪಡಸಾಲೆಗೆ ಕೇಳುವಂತೆಯೇ ಹೇಳಿದಳು.

"ಅತ್ತಿಯವರು ಕೈ ಮುರದದ್ದಕ್ಕ ಹೋಗಿಲ್ಲ. ನಿಮಗ ಗೊತ್ತದ."

"ನಾ ಏನ್ ಮಾಡ್ಲಿ? ಅಪ್ಪಗ ಯಾರ್ ಹೇಳ್ತಾರ?"

"ನೀವ್ ಹೇಳ್ರಿ. ಮಗಾ ಅದೀರಿ."

ಅರುಣಕುಮಾರ ಪಡಸಾಲೆಗೆ ಹೋಗಿ ತಂದೆಯ ಪಕ್ಕ ನಿಂತ. ಕೂರೋಣವೆಂದರೆ ಇನ್ನೊಂದು ಕುರ್ಚಿ ಇರಲಿಲ್ಲ. "ಅಪ್ಪಾ, ಅವ್ವಗ ಒಂದು ಫೋನ್ ಮಾಡ್ರಿ."

"ಮಾಡೀನಿ. ಮೊನ್ನಿ ಮಾಡಿದ್ದೆ."

"ಏನ್ ಅಂದಳು?"

"ಕಪಾಟಿನಾಗ ಅದ ಅಂದಳು."

"ಏನು?"

"ಸ್ಟೆಬಿಲೈಜರ್ ಬಿಲ್ಲು."

ಕಮಲಾಪುರದಲ್ಲಿ ಶಿವಕಾಂತಮ್ಮನ ದಿನ ಬೇಗ ಶುರುವಾಗುತ್ತಿತ್ತು. ಬಸ್ಸಿನ ಡ್ರೈವರುಗಳು, ಕಾಲೇಜಿನ ಮೇಷ್ಟ್ರುಗಳು, ಸಂತೆಯ ದಿನ ಕೆಂಪು ಬಾಳೆಹಣ್ಣು ಮಾರಲು ಬಂದ ರೈತರು, ಎಲ್ಲರಿಗೂ ಬಿಸಿ ರೊಟ್ಟಿ ಬೇಕು. ಆಕೆ ಕಟ್ಟೆಯ ಮುಂದೆ ಕೂತು ತಟ್ಟುತ್ತಿದ್ದರೆ ಸಪ್ಪಳ ರಸ್ತೆಯ ಆಚೆ ದಂಡೆಗೆ ಕೇಳಿಸುತ್ತಿತ್ತು. ಕೊರಳಿಗೆ ಕೈ ಕಟ್ಟಿಕೊಂಡು ಗಲ್ಲಾ ಪೆಟ್ಟಿಗೆಯ ಹತ್ತಿರ ಕೂತ ಸುನಂದಾ ನಗುತ್ತಿದ್ದಳು.

"ಅಕ್ಕಾ, ಹಗೂರ ಬಡಿ. ಹಿಟ್ಟೇನ್ ತಪ್ಪ ಮಾಡ್ಯಾದ?"

"ಸಪ್ಪಳ ಆಗ್ತದೇನ ನಿನಗ?"

"ಆಗ್ಲಿ ಬಿಡು. ನಿನ್ನ ಸಪ್ಪಳಾ ಕೇಳೇ ಮಂದಿ ಒಳಗ ಬರ್ತಾರ."

ಸುನಂದಾ ತಮಾಷೆಗೆ ಅಂದದ್ದು. ಶಿವಕಾಂತಮ್ಮನ ಕೈ ಒಂದು ಗಳಿಗೆ ನಿಂತುಬಿಟ್ಟಿತು. ಆಮೇಲೆ ಮುಖ ತಿರುಗಿಸಿಕೊಂಡು, ಒಲೆಯ ಹೊಗೆಗೆ ಕಣ್ಣು ಉರಿಯುತ್ತದೆ ಎಂದು ಸೆರಗಿನಿಂದ ಒರೆಸಿಕೊಂಡರು. ಮಧ್ಯಾಹ್ನದ ಗಿರಾಕಿ ಕರಗಿದ ಮೇಲೆ ಬಾಗಿಲಲ್ಲಿ ಕೂತು, ಕಲಬುರಗಿಯಿಂದ ಬರುವ ಬಸ್ಸುಗಳಿಂದ ಇಳಿಯುವವರನ್ನು ನೋಡುವುದು ಅವರಿಗೆ ಅಭ್ಯಾಸವಾಗಿತ್ತು. ಯಾರನ್ನು ನೋಡುತ್ತಿ ಎಂದು ತಂಗಿ ಕೇಳಿದರೆ, "ಯಾರನ್ನೂ ಇಲ್ಲ. ಗಾಳಿಗಿ ಕುಂತೀನಿ," ಎನ್ನುತ್ತಿದ್ದರು. ಕೆಮ್ಮು ಮಾತ್ರ ಬಿಟ್ಟಿರಲಿಲ್ಲ.

ಇತ್ತ ಮಲ್ಲಣ್ಣನಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಗುಟ್ಟು ಹೊಳೆಯಿತು. ಬಾಯಲ್ಲಿ ನೊರೆ ಇಟ್ಟುಕೊಂಡೇ ಜಹೀರುದ್ದೀನರಿಗೆ ಫೋನು ಮಾಡಿದರು.

"ಜಹೀರಭಾಯಿ, ಎರಡು ತಗಡು, ನಡುವ ಒಂದು ಹಾಳಿ. ಇದು ಕೆಪಾಸಿಟರ್ ಅದಲ್ಲೋ! ಹಿಂದಿನ ತಗಡಿನ ಮ್ಯಾಲ ಬರದ ಎಂಟು ಓಮ್ ಎಲ್ಲಾ ಸ್ವರಕ್ಕೂ ನಿಜ ಅಲ್ಲ. ಸ್ವರ ಮ್ಯಾಲ ಹೋದಂಗ ಇದು ಜಾಸ್ತಿ ಕರೆಂಟ್ ಎಳೀತದ. ತುದೀಗಿ ಹೋದ್ರ ಆಂಪ್ಲಿಫೈಯರಿಗಿ ಶಾರ್ಟ್ ಆದಂಗೇ ಕಾಣಸ್ತದ. ಅದಕ್ಕೇ ಹೆದರಿ ಕಣ್ಣ ಮುಚ್ಚತದ."

"ಅಂದ್ರ ದೊಡ್ಡದು ಬ್ಯಾಡ?"

"ದೊಡ್ಡದಲ್ಲ. ಹೆದರದೇ ಇರೂದು ಬೇಕು. ಎಷ್ಟ ಕೇಳಿದ್ರೂ ಅಷ್ಟ ಕರೆಂಟ್ ಕೊಡ್ತಾ ಸುಮ್ನ ನಿಂತಿರಬೇಕು."

ಅಂಥದೊಂದು ಹೈದರಾಬಾದಿನಲ್ಲಿ ಜಹೀರುದ್ದೀನರ ಷಡ್ಡಕನ ಪರಿಚಯದವರಲ್ಲಿ ಸಿಕ್ಕಿತು. ಹಳೆಯದು, ಎಮ್ಮೆಯ ಭಾರ, ಪಂಖ ಇಲ್ಲ, ಹಾಡದೆ ಇದ್ದಾಗಲೂ ಮೈ ಬಿಸಿ. ಅದನ್ನು ಪಾರ್ಸೆಲ್ ಲಾರಿಗೆ ಹಾಕಿದರು. ಅದು ಬಂದು ಮುಟ್ಟುವ ದಿನ ಎಳ್ಳ ಅಮಾವಾಸ್ಯೆಯೇ ಆಗಿಬಿಟ್ಟಿತು.

ಎಳ್ಳ ಅಮಾವಾಸ್ಯೆಗೆ ಆ ಸೀಮೆಯಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬೆಳೆಯ ನಡುವೆ ಎಲ್ಲರೂ ಕೂತು ಉಣ್ಣಬೇಕು. ಮಲ್ಲಣ್ಣನವರ ಮನೆಗೆ ಹೊಲವಿಲ್ಲ. ವರ್ಷವೂ ಸುನಂದಾಳ ತೊಗರಿ ಹೊಲಕ್ಕೇ ಹೋಗುತ್ತಿದ್ದರು. ಹೊಲದಲ್ಲಿ ಮೊದಲ ತುತ್ತು ಗಂಡಹೆಂಡತಿ ಒಂದೇ ತಾಟಿನಲ್ಲಿ ಉಣ್ಣುವುದು ಅವರ ಮದುವೆಯ ಮೊದಲ ವರ್ಷದಿಂದ ಬಂದದ್ದು, ಒಂದು ಸಲವೂ ತಪ್ಪಿರಲಿಲ್ಲ.

"ನೀವು ಹೋಗಿ ಬರ್ರಿ. ಪಾರ್ಸೆಲ್ ಬರೂದದ," ಎಂದರು ಮಲ್ಲಣ್ಣ.

"ಅಪ್ಪಾ, ನಾಳಿ ತಗೊಂಡ್ರ ಆಗಂಗಿಲ್ಲೇನು?" ಎಂದ ಅರುಣಕುಮಾರ.

"ಮಳ್ಳನಂಗ ಮಾತಾಡಬ್ಯಾಡ. ಗೋದಾಮಿನಾಗ ಕೆಡವಿದ್ರ ಏನ್ ಮಾಡ್ತಿ?"

ಮಗ ಸೊಸೆ ಮಾತ್ರ ಬಂದದ್ದನ್ನು ಶಿವಕಾಂತಮ್ಮ ನೋಡಿದರು. ಹೊಲದಲ್ಲಿ ಎಲ್ಲರಿಗೂ ಬಡಿಸಿ, ತಾವು ಕೊನೆಗೆ ಕೂತರು. ಸುನಂದಾ ಎಡಗೈಯಿಂದಲೇ ಅಕ್ಕನ ತಾಟಿಗೆ ಕಾಳು ಸೊಪ್ಪು ಕೂಡಿಸಿದ ಭಜ್ಜಿ ಪಲ್ಯ ಹಾಕಿ, "ನಾ ನಿನ್ನ ತಾಟಿನಾಗ ಉಣ್ಣಲೇನಕ್ಕಾ?" ಎಂದಳು. "ಉಣ್ಣವಾ," ಎಂದರು ಶಿವಕಾಂತಮ್ಮ. ತಾಟನ್ನು ಇಬ್ಬರ ನಡುವೆ ಸರಿಸಿದರು. ಹೊರಡುವಾಗ ವಿದ್ಯಾವತಿಯ ಕೈಗೆ ಒಂದು ಡಬ್ಬಿ ಕೊಟ್ಟರು. ಅದರಲ್ಲಿ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಒಂದು ಶೇಂಗಾ ಹೋಳಿಗೆ. "ಬಿಸಿ ಮಾಡಿ ಕೊಡು. ತಣ್ಣಗಿಂದು ಅವರಿಗಿ ಹೊಟ್ಟಿ ನೋಯ್ತದ."

ಮಗ ಸೊಸೆ ಮನೆ ಮುಟ್ಟುವ ಹೊತ್ತಿಗೆ ಹೈದರಾಬಾದಿನ ಆಂಪ್ಲಿಫೈಯರ್ ಹಾಡುತ್ತಿತ್ತು. ಮಲ್ಲಣ್ಣ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಎರಡು ಹಲಗೆಗಳೂ ಅಲ್ಲಿ ಇಲ್ಲವೇ ಇಲ್ಲವೆನ್ನುವಂತೆ, ಪಡಸಾಲೆಯ ನಡುವೆ ಒಬ್ಬ ಹೆಂಗಸು ಕೂತು ಹಾಡುತ್ತಿದ್ದಳು. ಸ್ವರ ತಾರಕ್ಕೆ ಏರಿತು, ಇಳಿಯಿತು, ಆಂಪ್ಲಿಫೈಯರ್ ಹೆದರಲಿಲ್ಲ. ಹಿಂದೆ ತಂಬೂರಿಯವಳು ಕೆಮ್ಮಿದಳು.

"ಕೇಳ್ತೇನ್?" ಎಂದು ಮಲ್ಲಣ್ಣ ಎದ್ದು ನಿಂತರು. "ಅರುಣಾ, ಕೆಮ್ಮು ಕೇಳ್ತೇನ್?"

"ಹೂಂ ಅಪ್ಪಾ," ಎಂದು ಅರುಣಕುಮಾರ ಬೂಟು ಬಿಚ್ಚಿದ. ಅವನು ಬಾಗಿಲಲ್ಲಿ ನಿಂತಿದ್ದ, ಅವನಿಗೆ ಅಲ್ಲಿಂದ ಎಡ ಹಲಗೆಯಷ್ಟೇ ಕೇಳಿಸಿತ್ತು. ವಿದ್ಯಾವತಿ ಡಬ್ಬಿ ಬಿಸಿ ಮಾಡಿ ಕುರ್ಚಿಯ ಪಕ್ಕ ಇಟ್ಟು ಮಲಗಲು ಹೋದಳು.

ಮಲ್ಲಣ್ಣ ಸಜ್ಜೆ ರೊಟ್ಟಿ ಮುರಿದರು. ಇಂಥ ದಿನ, ಇಂಥ ಧ್ವನಿ, ಯಾರಿಗಾದರೂ ಹೇಳಬೇಕೆನಿಸಿತು. ಹೆಂಡತಿಗೆ ಫೋನು ಹಚ್ಚಿ, ಫೋನನ್ನು ಹಲಗೆಯ ಮುಂದೆ ಹಿಡಿದರು.

"ಕೇಳಸ್ತದೇನ? ತಂಬೂರಿಯಾಕಿ ಕೆಮ್ಮಿದ್ದು ಸುದ್ದಾ ಕೇಳಸ್ತದ ನೋಡು!"

ಆ ಕಡೆ ಶಿವಕಾಂತಮ್ಮನಿಗೆ ಗುಂಯ್ ಎಂಬ ಸಪ್ಪಳ ಬಿಟ್ಟರೆ ಏನೂ ಕೇಳಿಸಲಿಲ್ಲ. "ಕೇಳಸ್ತದರಿ. ಚಲೋ ಅದ," ಎಂದರು. "ಡಬ್ಬಿ ಉಂಡ್ರೇನು?"

"ಹೂಂ. ಇಲ್ಲಿ, ಇಲ್ಲಿ ಕೇಳು ಈಗ..."

"ಇಡ್ತೀನ್ರಿ. ಒಲಿ ಮ್ಯಾಲ ಹಾಲದ."

ಫೋನು ಇಟ್ಟ ಮೇಲೆ ಮಲ್ಲಣ್ಣ ಮತ್ತೆ ಕುರ್ಚಿಯಲ್ಲಿ ಕೂತರು. ಎಲ್ಲ ಸರಿಯಾಗಿತ್ತು. ಇಡೀ ಮನೆ ಅವರು ಬಯಸಿದಷ್ಟೇ ನಿಶ್ಶಬ್ದವಾಗಿತ್ತು. ಆದರೂ ಹಾಡು ಅರ್ಧಕ್ಕೇ ಬೇಸರವಾಯಿತು, ಬಂದ್ ಮಾಡಿದರು. ಯಾಕೆ ಬೇಸರವಾಯಿತೆಂದು ಅವರಿಗೆ ತಿಳಿಯಲಿಲ್ಲ. ಮರುದಿನ ಜಹೀರುದ್ದೀನರು ಬಂದು ಕುರ್ಚಿಯಲ್ಲಿ ಕೂತು, "ಸುಭಾನಲ್ಲಾ!" ಎಂದರು. ಅವರು ಕೇಳುವಷ್ಟು ಹೊತ್ತು ಮಲ್ಲಣ್ಣ ಗೋಡೆಗೆ ಒರಗಿ ನಿಂತಿದ್ದರು. ಆಮೇಲೆ ಅವರಿಗೆ ಅಂಗಡಿ ಇತ್ತು, ಹೋದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಶಿವಕಾಂತಮ್ಮ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬಂದರು. ವಿದ್ಯಾವತಿ ಶಾಲೆಗೆ ರಜೆ ಹಾಕಿ ಬಸ್ ಸ್ಟ್ಯಾಂಡಿನಿಂದಲೇ ಅವರನ್ನು ಎಲ್ಲೋ ಕರೆದುಕೊಂಡು ಹೋಗಿ, ಮಧ್ಯಾಹ್ನ ಮನೆಗೆ ತಂದಳು. ಅತ್ತೆಸೊಸೆ ಪೇಟೆಗೆ ಹೋಗಿರಬೇಕೆಂದು ಮಲ್ಲಣ್ಣ ತಿಳಿದರು. ಹೆಂಡತಿ ಹಾಡು ಕೇಳಲೆಂದೇ ಬಂದಿದ್ದಾಳೆ ಎಂದೂ ತಿಳಿದರು. ಅವರಿಗೆ ನಿಜವಾಗಿ ಸಂತೋಷವಾಗಿತ್ತು. ಕುರ್ಚಿಯನ್ನು ಪಂಚೆಯಿಂದ ಒರೆಸಿದರು.

"ಕುಂದುರು. ಇಲ್ಲಿ, ನಟ್ಟ ನಡುವ. ಬೆನ್ನ ಹಚ್ಚು."

"ನೀವು?"

"ನಾ ದಿನಾ ಕೇಳ್ತೀನಲ್ಲ."

ಅಷ್ಟು ವಾರಗಳಲ್ಲಿ ಆ ಕುರ್ಚಿಯ ಮೇಲೆ ಶಿವಕಾಂತಮ್ಮ ಕೂತದ್ದು ಅದೇ ಮೊದಲು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಯಾರದೋ ಮನೆಗೆ ಬಂದವರಂತೆ ಕೂತರು. ಭೀಮಪಲಾಸಿ ಶುರುವಾಯಿತು. ಮಲ್ಲಣ್ಣ ಪಕ್ಕದಲ್ಲಿ ನಿಂತು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಶಿವಕಾಂತಮ್ಮನ ಮುಖ ಮೆಲ್ಲಗೆ ಬದಲಾಯಿತು. ಹಾಡುವವಳನ್ನು ಕಣ್ಣಾರೆ ಕಂಡವರ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿದರು.

ತಂಬೂರಿಯವಳು ಕೆಮ್ಮಿದಳು. ಮಲ್ಲಣ್ಣ ಬೆರಳೆತ್ತಿ, "ಕೇಳ್ತಾ?" ಎಂದರು.

ಶಿವಕಾಂತಮ್ಮ ತಲೆಯಾಡಿಸಿದರು. ಹಾಡು ಮುಂದೆ ಹೋಯಿತು. ತಂಬೂರಿಯವಳು ಮತ್ತೆ ಕೆಮ್ಮಿದಳು, ಅದುಮಿಕೊಂಡಳು, ತಡೆಯಲಾರದೆ ಇನ್ನೊಮ್ಮೆ ಕೆಮ್ಮಿದಳು.

"ಪಾಪ," ಎಂದರು ಶಿವಕಾಂತಮ್ಮ. "ಆಗಿಂದ ಕೆಮ್ಮಾಕತ್ಯಾಳ. ಅಷ್ಟ ಮಂದಿ ಕುಂತಾರ, ಒಬ್ಬರೂ ಒಂದು ಗುಟುಕು ನೀರು ಕೊಡಲಿಲ್ಲೇನ್ರಿ ಆಕಿಗಿ?"

ಮಲ್ಲಣ್ಣನ ಎತ್ತಿದ ಬೆರಳು ಹಾಗೇ ನಿಂತಿತು. ಆ ಕೆಮ್ಮಿಗಾಗಿ ಅವರು ಪಡಬಾರದ ಪಾಡು ಪಟ್ಟಿದ್ದರು. ಅದು ಬಂತೋ ಇಲ್ಲವೋ ಎಂದು ಎಷ್ಟು ಸಲ ಕಾದು ಕೇಳಿದ್ದರು. ಅದು ಒಬ್ಬ ಹೆಂಗಸಿನ ಗಂಟಲು ಎಂದು ಒಂದು ಸಲವೂ ಅವರಿಗೆ ಅನಿಸಿರಲಿಲ್ಲ.

ಹಾಡು ಮುಗಿಯಿತು. ಶಿವಕಾಂತಮ್ಮ ಎದ್ದರು. "ಚಲೋ ಅದರಿ. ಖರೇನೇ ಚಲೋ ಅದ. ಮುಂದ ಬಂದು ಕುಂತಂಗ ಆಯ್ತು. ನಾ ಇನ್ನ ಹೊಂಡ್ತೀನಿ, ಸಂಜಿ ರೊಟ್ಟಿಗಿ ಹೊತ್ತಾಗ್ತದ."

"ಇವತ್ತೊಂದಿನ ಇರು."

"ಸುನಂದಾನ ಕೈ ಇನ್ನಾ ಕೂಡಿಲ್ಲ."

"ಕೂಡಿದ ಮ್ಯಾಲ ಬರ್ತಿ, ಹೌದಿಲ್ಲೋ?"

ಶಿವಕಾಂತಮ್ಮ ಸುಣ್ಣದಕಡ್ಡಿಯ ಗುರುತನ್ನು ನೋಡಿದರು, ಅಡುಗೆಮನೆಯ ಬಾಗಿಲನ್ನು ನೋಡಿದರು. "ನೋಡಮು," ಎಂದರು.

ಮಲ್ಲಣ್ಣನಿಗೆ ಭಯವಾಯಿತು. ಏನು ಮಾಡಬೇಕೆಂದು ತೋಚದೆ ಹೆಂಡತಿಯ ಚೀಲ ಎತ್ತಿಕೊಂಡರು. ಚೀಲದಲ್ಲಿ ಬ್ರೌನ್ ಕಾಗದದ ಪೊಟ್ಟಣ, ಅದರೊಳಗೆ ಔಷಧದ ಬಾಟಲಿ, ಮಾತ್ರೆ.

"ಇದೇನ?"

"ಕೆಮ್ಮಿಂದು. ವಿದ್ಯಾ ಡಾಕ್ಟರ ಬಲ್ಲಿ ತೋರಿಸಿದಳು. ಅದಕ್ಕೇ ಬಂದಿದ್ದೆ."

ವಿದ್ಯಾವತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಲ್ಲಣ್ಣ ಒಳಗೆ ಹೋಗಿ ಒಂದು ಬಾಟಲಿಗೆ ನೀರು ತುಂಬಿಕೊಂಡು ಬಂದರು. ಆಂಪ್ಲಿಫೈಯರ್ ಬಂದ್ ಮಾಡಿದರು. ಬಂದ ದಿನದಿಂದ ಒಂದು ಗಳಿಗೆಯೂ ತೆಗೆಯದಿದ್ದ ಹಲಗೆಗಳ ಪ್ಲಗ್ಗನ್ನೂ ಕಿತ್ತರು.

"ಎಲ್ಲಿಗ್ರಿ?" ಎಂದರು ಶಿವಕಾಂತಮ್ಮ.

"ಕಮಲಾಪುರಕ್ಕ."

"ನೀವ್ಯಾಕ್ರಿ?"

ಮಲ್ಲಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಿಂತರು.

ಬಸ್ಸು ತುಂಬಿತ್ತು. ಹೆಂಗಸರ ಸೀಟಿನಲ್ಲಿ ಒಂದು ಜಾಗ ಸಿಕ್ಕಿತು, ಶಿವಕಾಂತಮ್ಮ ಆಧಾರ್ ತೋರಿಸಿ ಉಚಿತ ಟಿಕೆಟ್ ತೆಗೆದುಕೊಂಡು ಕೂತರು. ಮಲ್ಲಣ್ಣ ನಿಂತೇ ಬಂದರು. ಮಹಾಗಾಂವ ಕ್ರಾಸಿನಲ್ಲಿ ಜನ ಇಳಿದ ಮೇಲೆ ಹೆಂಡತಿಯ ಹಿಂದಿನ ಸೀಟು ಖಾಲಿಯಾಯಿತು, ಅಲ್ಲಿ ಕೂತರು. ಅಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ಶಿವಕಾಂತಮ್ಮನ ತುರುಬು ಮಾತ್ರ. ಅದು ಪೂರ್ತಿ ಬೆಳ್ಳಗಾದದ್ದನ್ನು ಅವರು ಆಗಲೇ ಗಮನಿಸಿದರು. ಮುಖ ಕಾಣುತ್ತಿರಲಿಲ್ಲ. ಏನು ಯೋಚನೆ ಮಾಡುತ್ತಿದ್ದಾಳೆ, ತಂಗಿಯ ಕೈ ಕೂಡಿದ ಮೇಲೆ ಬರುತ್ತಾಳೋ ಇಲ್ಲವೋ, ಯಾವುದೂ ತಿಳಿಯುವಂತಿರಲಿಲ್ಲ.

ಬಸ್ಸಿನ ಕಿಟಕಿಗಳು ಗಡಗಡ ಎನ್ನುತ್ತಿದ್ದವು. ಯಾರದೋ ಫೋನಿನಲ್ಲಿ ಹಾಡು, ಯಾವುದೋ ಕೂಸಿನ ಅಳು. ಅಷ್ಟೆಲ್ಲದರ ನಡುವೆ ಶಿವಕಾಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದರು.

ಮಲ್ಲಣ್ಣನಿಗೆ ಕೇಳಿಸಿತು. ಬಾಟಲಿಯ ಮುಚ್ಚಳ ತೆಗೆದು ಸೀಟಿನ ಮೇಲಿಂದ ಮುಂದಕ್ಕೆ ಚಾಚಿದರು. ಶಿವಕಾಂತಮ್ಮ ಹಿಂದೆ ತಿರುಗಲಿಲ್ಲ. ಕೈ ಎತ್ತಿ ಬಾಟಲಿ ತೆಗೆದುಕೊಂಡು ಕುಡಿದರು. ಮುಚ್ಚಳಕ್ಕೆ ಕೈ ಚಾಚಿದರು, ಮಲ್ಲಣ್ಣ ಕೊಟ್ಟರು. ಬಾಟಲಿಯನ್ನು ಮರಳಿ ಕೊಡಲಿಲ್ಲ. ಕಮಲಾಪುರ ಬರುವವರೆಗೂ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು.